ರಾಶಿಯ ಸುತ್ತಳತೆ

ಸುಗ್ಗಿಯ ಕಾಲದ ಹಳೆಯ ಕಣವೊಂದನ್ನು ಮನಸ್ಸಿಗೆ ತಂದುಕೊಳ್ಳಿ. ತೂರಿ ಹಸನುಮಾಡಿದ ಬತ್ತ ನಡುವೆ ರಾಶಿಯಾಗಿ ನಿಂತಿದೆ. ಒಂದು ಪಕ್ಕದಲ್ಲಿ ಉತ್ತು ಬಿತ್ತಿದವನು, ಇನ್ನೊಂದು ಪಕ್ಕದಲ್ಲಿ ಪಾಲಿಗೆ ಬಂದ ಒಡೆಯ. ಮೊದಲ ಕೊಳಗವನ್ನು ‘ಒಂದು’ ಎನ್ನದೆ ‘ಲಾಭ’ ಎಂದು ಸುರಿದು, ಎರಡು, ಮೂರು ಎಂದು ಅಳೆಯುತ್ತ ಹೋದರೆ ಹೊತ್ತು ಮುಳುಗೀತು. ಅಳೆಯುವ ಮುಂಚೆಯೇ ರಾಶಿಯಲ್ಲಿ ಎಷ್ಟಿದೆಯೆಂದು ಹೇಳಲು ಬರುವುದೆ?

ಬರುತ್ತದೆ, ಒಂದು ಹಗ್ಗವಿದ್ದರೆ ಸಾಕು. ಕ್ರಿ. ಶ. 628ರಲ್ಲಿ ಬ್ರಹ್ಮಗುಪ್ತನು ಇದನ್ನು ಹೇಳಿದ್ದಾನೆ. 1150ರ ‘ಲೀಲಾವತಿ’ಯಲ್ಲಿ ಭಾಸ್ಕರಾಚಾರ್ಯನು ‘ರಾಶಿವ್ಯವಹಾರ’ವೆಂದು ಬೇರೆ ಪ್ರಕರಣವನ್ನೇ ಮಾಡಿದ್ದಾನೆ. ಸಹ್ಯಾದ್ರಿಯ ಬಳಿಯ ವಿಜ್ಜಡವಿಡ ತನ್ನ ಊರೆಂದು ಅವನ ಮಾತು. ಅದು ನಮ್ಮ ವಿಜಾಪುರವೇ ಎನ್ನುವವರೂ ಉಂಟು.

ವಿಧಾನ ಹೀಗಿದೆ. ರಾಶಿಯ ಬುಡದ ಸುತ್ತಳತೆಯನ್ನು ಹಗ್ಗದಿಂದ ತೆಗೆಯಿರಿ. ಕಡಲೆಯಂಥ ದಪ್ಪ ಕಾಳಾದರೆ ಅದರ ಹತ್ತನೆಯ ಒಂದು ಪಾಲು ಎತ್ತರ; ಸಾಸಿವೆಯಂಥ ಸಣ್ಣ ಕಾಳಾದರೆ ಹನ್ನೊಂದನೆಯ ಒಂದು ಪಾಲು; ಬತ್ತದಂಥ ಮುಳ್ಳುಮೊನೆಯ ಧಾನ್ಯವಾದರೆ ಒಂಬತ್ತನೆಯ ಒಂದು ಪಾಲು. ಸುತ್ತಳತೆಯನ್ನು ಆರರಿಂದ ಭಾಗಿಸಿ, ಬಂದುದನ್ನು ವರ್ಗ ಮಾಡಿ, ಎತ್ತರದಿಂದ ಗುಣಿಸಿದರೆ ಘನಫಲ ಸಿಕ್ಕಿತು. ಸುತ್ತಳತೆ 60 ಮೊಳವಿದ್ದರೆ ದಪ್ಪ ಕಾಳಿಗೆ ಎತ್ತರ 6 ಮೊಳ, ಘನಫಲ 600 ಘನಮೊಳ. ಒಂದು ಘನಮೊಳಕ್ಕೆ ಒಂದು ಮಾಗಧ ಖಾರಿ. ಗೋಡೆಗೆ ಒರಗಿಸಿದ ರಾಶಿಗೂ, ಮೂಲೆಗೆ ಸುರಿದ ರಾಶಿಗೂ ಬೇರೆ ಬೇರೆ ಲೆಕ್ಕ ಉಂಟು.

ಧಾನ್ಯಕ್ಕೊಂದು ಎತ್ತರ ಏಕೆಂದು ನೀವು ಕೇಳಬಹುದು. ಸಣ್ಣ ನುಣುಪು ಕಾಳು ಬೇಗ ಜಾರುತ್ತದೆ, ರಾಶಿ ಹರಡಿಕೊಳ್ಳುತ್ತದೆ. ಒರಟು ಸಿಪ್ಪೆಯ ಬತ್ತ ಒಂದಕ್ಕೊಂದು ಸಿಕ್ಕಿಕೊಂಡು ಕಡಿದಾಗಿ ನಿಲ್ಲುತ್ತದೆ. ಆ ಮೂರು ಪ್ರಮಾಣಗಳನ್ನು ಇಳಿಜಾರಿಗೆ ತಿರುಗಿಸಿದರೆ ಸುಮಾರು 35, 32, 30 ಡಿಗ್ರಿ ಬರುತ್ತದೆ. ಕಣದಲ್ಲಿ ಕಣ್ಣಿಟ್ಟು ನೋಡಿದವರ ಲೆಕ್ಕವಿದು, ಕುಳಿತು ಊಹಿಸಿದ್ದಲ್ಲ.

ಆದರೆ ಒಂದು ಮಾತು. ಈ ಸೂತ್ರದಲ್ಲಿ ವ್ಯಾಸದ ಮೂರರಷ್ಟು ಪರಿಧಿ ಎಂದು ಇಟ್ಟುಕೊಂಡಿದೆ. 3927ನ್ನು 1250ರಿಂದ ಭಾಗಿಸಬೇಕೆಂದು ಅದೇ ಗ್ರಂಥದಲ್ಲಿ ಹೇಳಿದ ಭಾಸ್ಕರನಿಗೆ ಇದು ತಿಳಿಯದ್ದೇನಲ್ಲ. ಕಣದಲ್ಲಿ ನಿಂತವನಿಗೆ ಸುಲಭವಾಗಲೆಂದು ಬಿಟ್ಟಿರಬೇಕು. ಹೀಗಾಗಿ ಘನಫಲ ನೂರಕ್ಕೆ ಸುಮಾರು ಐದು ಹೆಚ್ಚು ಬರುತ್ತದೆ. ನೂರು ಕೊಳಗದ ರಾಶಿಯನ್ನು ನೂರೈದೆಂದು ಎಣಿಸಿ ಅರ್ಧ ಪಾಲು ಕೇಳಿದರೆ, ದುಡಿದವನಿಗೆ ಉಳಿಯುವುದು ಐವತ್ತಲ್ಲ, ನಲವತ್ತೇಳೂವರೆ. ಒಂದು ಸಂಸಾರದ ಕೆಲವು ದಿನಗಳ ಊಟ ಆ ಎರಡೂವರೆ ಕೊಳಗದಲ್ಲಿದೆ.

ಅಳತೆಯಿಂದ ತೂಕಕ್ಕೆ ಬರುವುದು ಇನ್ನೂ ಕಷ್ಟ. ಅಕ್ಕಿ ತುಂಬಿದ ಪಾತ್ರೆಗೇ ಬತ್ತ ತುಂಬಿದರೆ ತೂಕ ಮುಕ್ಕಾಲು ಪಾಲೂ ಬಾರದು. ಹಾಗಾದರೆ ಸೇರಿನ ಪಾತ್ರೆಯ ಗಾತ್ರವನ್ನು ಯಾವ ಧಾನ್ಯದಿಂದ ಗೊತ್ತುಮಾಡಬೇಕು? ದಕ್ಷಿಣದವರು ಕಂಡುಕೊಂಡ ಉಪಾಯ ಚೆನ್ನಾಗಿದೆ: ನವಧಾನ್ಯಗಳನ್ನು ಸಮಪಾಲು ಬೆರೆಸಿ, 84 ರೂಪಾಯಿ ತೂಕದಷ್ಟು ಹಿಡಿಸುವ ಪಾತ್ರೆಯೇ ಪಕ್ಕಾ ಸೇರು. ಯಾವ ಒಂದು ಧಾನ್ಯಕ್ಕೂ ಪಕ್ಷಪಾತವಿಲ್ಲ! ಆದರೂ ಶಿಖೆ ಕಟ್ಟಿ ಅಳೆಯುವುದೋ, ಬಾಯಿ ಸವರಿ ಅಳೆಯುವುದೋ ಎಂಬ ಜಗಳ ಉಳಿಯಿತು. ಮೇಲಿಂದ ಸುರಿದರೆ ಕಾಳು ಒತ್ತಾಗಿ ಕೂರುತ್ತದೆ, ಮೆಲ್ಲಗೆ ಸುರಿದರೆ ಸಡಿಲವಾಗಿ. ಕೊಳ್ಳುವವನ ಕೈ ಬೇರೆ, ಮಾರುವವನ ಕೈ ಬೇರೆ. ಇಪ್ಪತ್ತು ಕೊಳಗಕ್ಕೆ ಒಂದು ಖಂಡುಗವೆಂದು ಬಾಯಲ್ಲಿ ಒಂದೇ ಲೆಕ್ಕವಿದ್ದರೂ ಕೊಳಗವೇ ಊರಿನಿಂದೂರಿಗೆ ಬೇರೆಯಾಗಿತ್ತು.

1956ರ ಕಾಯ್ದೆಯಿಂದ ಮೆಟ್ರಿಕ್ ಮಾನ ಬಂತು. 1958ರ ಅಕ್ಟೋಬರಿನಿಂದ ಹಂತಹಂತವಾಗಿ ಕಿಲೋಗ್ರಾಮು ಅಂಗಡಿಗೆ ಇಳಿಯಿತು. ಅಕ್ಕಿ ಬೇಳೆಗಳು ಪಾತ್ರೆಯಿಂದ ತಕ್ಕಡಿಗೆ ಏರಿದವು. ಮನೆಯ ಅಕ್ಕಿಡಬ್ಬದೊಳಗಿನ ಪಾವನ್ನು ಮಾತ್ರ ಯಾರೂ ಹೊರಗೆ ಹಾಕಲಿಲ್ಲ. ಪಾವು ಅಕ್ಕಿಗೆ ಎರಡು ಪಾವು ನೀರು ಎಂದು ಅಮ್ಮ ಹೇಳಿಕೊಟ್ಟದ್ದನ್ನು ಯಾವ ತಕ್ಕಡಿಯಲ್ಲಿಟ್ಟು ತೂಗುವುದು?