ಧ್ವಜದಲ್ಲಿ ಉಳಿದ ಕರಡಿ

ಮೂರು ದಶಕಗಳಿಗೂ ಮಿಗಿಲಾಗಿ ತರಗತಿಗಳಲ್ಲಿ ಕಾವ್ಯಪ್ರತಿಮೆಗಳನ್ನು ಕುರಿತು ಮಾತನಾಡಿದವನು ನಾನು. ಕವಿಗಳಂತೆ ರಾಜ್ಯಗಳೂ ಪ್ರತಿಮೆಗಳನ್ನು ಕಟ್ಟಿಕೊಳ್ಳುತ್ತವೆ. ಧ್ವಜ, ಮುದ್ರೆ, ಪ್ರಾಣಿ, ಪುಷ್ಪ ಇವೆಲ್ಲ ಒಂದು ಜನಸಮುದಾಯ ತನ್ನನ್ನು ಕುರಿತು ತಾನೇ ಹೇಳಿಕೊಂಡ ಮಾತುಗಳು. ಅಮೆರಿಕದ ಪಶ್ಚಿಮ ತೀರದ ಕ್ಯಾಲಿಫೋರ್ನಿಯಾ ರಾಜ್ಯದ ಲಾಂಛನಗಳನ್ನು ಹಾಗೆ ಓದಿದಾಗ ನನ್ನ ಮನಸ್ಸಿಗೆ ಬಂದುದನ್ನು ಇಂದು ತಮ್ಮ ಮುಂದಿಡುತ್ತೇನೆ.

ಆ ಹೆಸರೇ ಒಂದು ಕಥೆಯಿಂದ ಬಂದದ್ದೆಂದು ವಿದ್ವಾಂಸರ ಮತ. 16ನೆಯ ಶತಮಾನದ ಆದಿಯಲ್ಲಿ ಸ್ಪೇನಿನ ಮೊಂತಾಲ್ವೊ ಬರೆದ ವೀರಕಥೆಯೊಂದರಲ್ಲಿ ಕಲಾಫಿಯಾ ಎಂಬ ರಾಣಿ ಆಳುವ ದ್ವೀಪ ಬರುತ್ತದೆ. ಅಲ್ಲಿ ಸ್ತ್ರೀಯರೇ ಯೋಧರು, ಚಿನ್ನವೊಂದೇ ಲೋಹ. ಕಲ್ಪನೆಯ ಆ ದ್ವೀಪದ ಹೆಸರು ಕಾಲಾಂತರದಲ್ಲಿ ನಿಜವಾದ ನೆಲಕ್ಕೆ ನಿಂತಿತು. 1848ರ ಜನವರಿ 24ರಂದು ಕೊಲೋಮಾದ ಮರ ಕೊಯ್ಯುವ ಗಿರಣಿಯ ಕಾಲುವೆಯಲ್ಲಿ ಜೇಮ್ಸ್ ಮಾರ್ಷಲ್ ಚಿನ್ನವನ್ನು ಕಂಡ. ಒಂಬತ್ತೇ ದಿನಗಳ ತರುವಾಯ ಮೆಕ್ಸಿಕೊ ದೇಶವು ಆ ಪ್ರಾಂತವನ್ನು ಅಮೆರಿಕಕ್ಕೆ ಒಪ್ಪಿಸುವ ಕೌಲಿಗೆ ಸಹಿ ಹಾಕಿತು.

ಚಿನ್ನದ ಆಸೆಗೆ ಜನ ಸಾಗರದಂತೆ ಹರಿದುಬಂದರು. 1850ರ ಸೆಪ್ಟೆಂಬರ್ 9ರಂದು ಕ್ಯಾಲಿಫೋರ್ನಿಯಾ 31ನೆಯ ರಾಜ್ಯವಾಯಿತು. ಅದರ ಮುದ್ರೆಯಲ್ಲಿ ರೋಮನ್ನರ ದೇವತೆ ಮಿನರ್ವಾ ಕುಳಿತಿದ್ದಾಳೆ. ತಂದೆಯ ಶಿರಸ್ಸಿನಿಂದ ಪೂರ್ಣಪ್ರಾಯದವಳಾಗಿಯೇ ಹುಟ್ಟಿಬಂದವಳು ಆಕೆ. ಈ ನಾಡೂ ಕೇಂದ್ರಾಡಳಿತದ ಶೈಶವವನ್ನು ಕಾಣದೆ ನೇರವಾಗಿ ರಾಜ್ಯವಾಯಿತೆಂಬುದು ಅಲ್ಲಿಯ ಧ್ವನಿ. ಮೇಲೆ 'ಯುರೇಕಾ' ಎಂಬ ಗ್ರೀಕ್ ನುಡಿ, ಎಂದರೆ 'ಕಂಡುಕೊಂಡೆ'. ದೇವಿಯ ಪಾದದ ಬಳಿ ಒಂದು ಗ್ರಿಜ್ಲಿ ಕರಡಿ.

ಈ ಕರಡಿಯ ಕಥೆ ನನ್ನನ್ನು ಬಹುವಾಗಿ ಕಾಡಿದೆ. 1846ರ ಜೂನ್ 14ರಂದು ಸೊನೋಮಾದಲ್ಲಿ ಮೆಕ್ಸಿಕೊ ಆಡಳಿತದ ವಿರುದ್ಧ ದಂಗೆಯೆದ್ದ ವಲಸಿಗರು ಕರಡಿಯ ಚಿತ್ರವುಳ್ಳ ಬಾವುಟವನ್ನು ಹಾರಿಸಿದರು. ಅವರ ಗಣರಾಜ್ಯ ಒಂದು ತಿಂಗಳೂ ಬಾಳಲಿಲ್ಲ. ಬಾವುಟ ಮಾತ್ರ ಉಳಿದು 1911ರಲ್ಲಿ ರಾಜ್ಯಧ್ವಜವಾಯಿತು. ಅತ್ತ ಕಾಡಿನಲ್ಲಿ ದನಕರುಗಳ ಶತ್ರುವೆಂದು ಬಗೆದು ಬಂದೂಕು, ಬೋನು, ವಿಷಗಳಿಂದ ಅದನ್ನು ಕೊಲ್ಲುತ್ತಲೇ ಬಂದರು. 1920ರ ದಶಕದಲ್ಲಿ ಆ ನಾಡಿನ ಗ್ರಿಜ್ಲಿ ನಿಶ್ಶೇಷವಾಯಿತು. 1953ರಲ್ಲಿ ಅದನ್ನೇ ರಾಜ್ಯಪ್ರಾಣಿಯೆಂದು ಘೋಷಿಸಿದರು! ಅದೇ ವರ್ಷ ಧ್ವಜದ ಚಿತ್ರವನ್ನು ಖಚಿತಗೊಳಿಸಿದಾಗ ಮಾದರಿಯಾದದ್ದು 'ಮೊನಾರ್ಕ್' ಎಂಬ ಕರಡಿ. 1889ರಲ್ಲಿ ಸೆರೆಸಿಕ್ಕು, 1911ರವರೆಗೆ ಬಂಧನದಲ್ಲೇ ಜೀವ ಸವೆಸಿದ ಪ್ರಾಣಿ ಅದು. ಅದರ ಹೆಸರಿನ ಅರ್ಥ 'ಚಕ್ರವರ್ತಿ'.

ಕರಡಿಗಾದರೂ ಚಿತ್ರದಲ್ಲಿ ಸ್ಥಾನ ದೊರಕಿತು. ಮುದ್ರೆಯಲ್ಲಿ ಗಣಿಗಾರನಿದ್ದಾನೆ, ಹಡಗುಗಳಿವೆ, ದ್ರಾಕ್ಷಿಯೂ ಇದೆ. ಆ ನೆಲದ ಮೂಲನಿವಾಸಿ ಇಲ್ಲ. 1846ರಲ್ಲಿ ಸುಮಾರು 1,50,000 ಇದ್ದ ಅವರ ಸಂಖ್ಯೆ, ರೋಗ, ಹಸಿವು, ಹತ್ಯೆಗಳಿಂದಾಗಿ 1870ರ ಹೊತ್ತಿಗೆ ಸುಮಾರು 30,000ಕ್ಕೆ ಇಳಿದಿತ್ತೆಂದು ಇತಿಹಾಸಕಾರರ ಅಂದಾಜು. ಆ ರಾಜ್ಯದ ಗವರ್ನರ್ ಗ್ಯಾವಿನ್ ನ್ಯೂಸಮ್ ಅವರ ವಂಶಸ್ಥರಲ್ಲಿ ಕ್ಷಮೆ ಕೋರಿದ್ದು 2019ರಲ್ಲಿ.

'ಕಂಡುಕೊಂಡೆ' ಎಂಬ ಆ ಉದ್ಗಾರವನ್ನು ಓದುವಾಗಲೆಲ್ಲ, ಆ ನೆಲವನ್ನು ಅದಕ್ಕೂ ಸಹಸ್ರಾರು ವರ್ಷ ಮೊದಲೇ ಕಂಡು ಬಾಳಿದ್ದವರನ್ನು ನಾನು ನೆನೆಯುತ್ತೇನೆ.