ಕಣ್ಣು ಮುಚ್ಚಿ ಕಾರು ಓಡಿಸಿದ ವಿಜ್ಞಾನಿ

ಉಪಾಧ್ಯಾಯನಾಗಿದ್ದ ಕಾಲದಲ್ಲಿ ನಾನು ಅತಿ ಹೆಚ್ಚು ಸಲ ಆಡಿದ ಮಾತು ‘ಇಲ್ಲಿ ಗಮನ ಕೊಡಿ’ ಎಂಬುದೇ ಇರಬೇಕು. ಆದರೆ ಗಮನವನ್ನು ಅಳೆಯಲು ಸಾಧ್ಯವೆಂಬ ಯೋಚನೆ ನನಗೆಂದೂ ಬಂದಿರಲಿಲ್ಲ. ಅತ್ತ ನನ್ನ ಮನಸ್ಸು ಹೊರಳಿದ್ದು ನಿವೃತ್ತಿಯ ನಂತರ, ಹಳೆಯ ವಿದ್ಯಾರ್ಥಿಯೊಬ್ಬನ ಸಾವಿನಿಂದ. ಹೆದ್ದಾರಿಯ ಬದಿಯಲ್ಲಿ ನಿಂತಿದ್ದ ಲಾರಿಗೆ ಅವನ ಕಾರು ಬಡಿದಿತ್ತು. ‘ಅಜಾಗರೂಕತೆಯ ಚಾಲನೆ’ ಎಂದು ದಾಖಲಾಯಿತು. ತರಗತಿಯಲ್ಲಿ ಅವನಷ್ಟು ಜಾಗರೂಕನಾದ ಹುಡುಗನನ್ನು ನಾನು ಕಂಡದ್ದು ಕಡಿಮೆ. ಹಾಗಾದರೆ ಆ ಎರಡು ಪದಗಳ ಹಿಂದೆ ನಡೆದದ್ದೇನು?

ಈ ಪ್ರಶ್ನೆಯನ್ನು ಪ್ರಯೋಗಕ್ಕೆ ಒಡ್ಡಿದವರಲ್ಲಿ ಅಮೆರಿಕದ ಜಾನ್ ಸೆಂಡರ್ಸ್ ಪ್ರಮುಖರು. 1960ರ ದಶಕದಲ್ಲಿ ಅವರು ಒಂದು ವಿಚಿತ್ರ ಶಿರಸ್ತ್ರಾಣವನ್ನು ಸಿದ್ಧಪಡಿಸಿದರು. ಅದರ ಮುಂಭಾಗದ ಪರದೆ ಆಗಾಗ ಕೆಳಗಿಳಿದು ಚಾಲಕನ ದೃಷ್ಟಿಯನ್ನು ಮರೆಮಾಡಿ, ಮತ್ತೆ ಮೇಲೇರುತ್ತಿತ್ತು. ಅದನ್ನು ಧರಿಸಿ ಹೆದ್ದಾರಿಯಲ್ಲಿ ಸ್ವತಃ ಕಾರು ಓಡಿಸಿದರು. ವೇಗ ಹೆಚ್ಚಿದಷ್ಟೂ, ದಾರಿ ತಿರುವಾದಷ್ಟೂ ಕಣ್ಣು ಮರೆಯಾಗಿರಬಹುದಾದ ಅವಧಿ ಕಿರಿದಾಗುತ್ತಿತ್ತು. ನೋಡದಿರುವಾಗ ಮನಸ್ಸಿನಲ್ಲಿರುವ ರಸ್ತೆಯ ಚಿತ್ರ ಕ್ಷಣಕ್ಷಣಕ್ಕೂ ಹಳತಾಗುತ್ತದೆ, ಅನಿಶ್ಚಿತತೆ ಬೆಳೆಯುತ್ತದೆ. ಅದು ಮಿತಿ ಮುಟ್ಟಿದಾಗ ಚಾಲಕ ನೋಡಲೇಬೇಕು, ಇಲ್ಲವೇ ವೇಗ ತಗ್ಗಿಸಬೇಕು. 1967ರಲ್ಲಿ ಈ ಸಂಶೋಧನೆ ಪ್ರಕಟವಾಯಿತು. ಮೊದಲು ನಗಿಸಿ ಆಮೇಲೆ ಚಿಂತನೆಗೆ ಹಚ್ಚುವ ಸಂಶೋಧನೆಗಳಿಗೆ ಕೊಡುವ ಇಗ್ ನೊಬೆಲ್ ಪ್ರಶಸ್ತಿ ಇದಕ್ಕೆ ಸಂದದ್ದು 2011ರಲ್ಲಿ. 2019ರಲ್ಲಿ ತೀರಿಕೊಂಡಾಗ ಸೆಂಡರ್ಸ್ ಅವರಿಗೆ 98 ವರ್ಷ.

ಆದರೆ ಪ್ರಯೋಗಕ್ಕೆ ಕುಳಿತವನು ಸಹಜವಾಗಿಯೇ ಎಚ್ಚರದಿಂದಿರುತ್ತಾನೆ. ಇನ್‌ಸ್ಪೆಕ್ಟರರು ಬಂದ ದಿನ ತರಗತಿ ಸದ್ದಿಲ್ಲದಿರುವಂತೆ. ಅಪಘಾತದ ನಂತರ ವಿಚಾರಿಸೋಣವೆಂದರೆ ನೆನಪು ನಂಬಲರ್ಹವಲ್ಲ, ಕೆಲವೊಮ್ಮೆ ಉತ್ತರಿಸಬೇಕಾದವನೇ ಉಳಿದಿರುವುದಿಲ್ಲ. ಆದ್ದರಿಂದ ವರ್ಜೀನಿಯಾ ಟೆಕ್‌ನ ಸಂಶೋಧಕರು 100 ಕಾರುಗಳಲ್ಲಿ ಕ್ಯಾಮೆರಾ ಹಾಗೂ ಸಂವೇದಕಗಳನ್ನಿಟ್ಟು, ಯಾವ ಸೂಚನೆಯನ್ನೂ ಕೊಡದೆ, ಜನ ನಿತ್ಯ ಓಡಾಡುವಂತೆಯೇ ಓಡಾಡಲು ಬಿಟ್ಟರು. ಸುಮಾರು 20 ಲಕ್ಷ ಮೈಲಿಗಳ ಪಯಣ, 43,000 ಗಂಟೆಗಳ ದಾಖಲೆ. 2006ರಲ್ಲಿ ಹೊರಬಂದ ವರದಿಯ ಪ್ರಕಾರ, ದಾಖಲಾದ ಡಿಕ್ಕಿಗಳಲ್ಲಿ ಶೇಕಡಾ 80ರಷ್ಟರಲ್ಲಿ ಕೊನೆಯ ಮೂರು ಸೆಕೆಂಡುಗಳೊಳಗೆ ಚಾಲಕನ ಗಮನ ಬೇರೆಡೆಗಿತ್ತು ಅಥವಾ ತೂಕಡಿಕೆಯಿತ್ತು. 2013ರಲ್ಲಿ ಅಮೆರಿಕದ ಸರ್ಕಾರ ಕಾರಿನೊಳಗಿನ ಸಾಧನಗಳಿಗೆ ಮಾರ್ಗಸೂಚಿ ಹೊರಡಿಸಿತು: ಒಂದು ಕೆಲಸಕ್ಕೆ ರಸ್ತೆಯಿಂದ ಕಣ್ಣು ಕೀಳುವ ಪ್ರತಿ ನೋಟ ಸರಾಸರಿ 2 ಸೆಕೆಂಡು, ಒಟ್ಟು 12 ಸೆಕೆಂಡು ಮೀರಕೂಡದು. ಅದನ್ನು ಪರೀಕ್ಷಿಸುವ ವಿಧಾನಗಳಲ್ಲೊಂದು, ದೃಷ್ಟಿಯನ್ನು ಆಗಾಗ ಮರೆಮಾಡುವ ಕನ್ನಡಕ. ಸೆಂಡರ್ಸ್ ಅವರ ಪರದೆಯ ಮರಿಮಗು.

ಓದುಗರೇ, ಲೆಕ್ಕ ಕಲಿಸಿದವನ ಹಳೆಯ ಚಾಳಿ, ಕ್ಷಮಿಸಿ. ಗಂಟೆಗೆ 60 ಕಿಲೋಮೀಟರು ವೇಗದಲ್ಲಿ ಎರಡು ಸೆಕೆಂಡಿಗೆ ವಾಹನ 33 ಮೀಟರು ಸಾಗುತ್ತದೆ. ನಮ್ಮ ಶಾಲೆಯ ಮುಂದಿನ ಅಂಗಳವೂ ಹೆಚ್ಚುಕಡಿಮೆ ಅಷ್ಟೇ ಉದ್ದವಿತ್ತು. ಅಷ್ಟು ದೂರ ಕಣ್ಣು ಕಟ್ಟಿಕೊಂಡು ನಡೆಯೆಂದರೂ ಆ ಹುಡುಗ ಒಪ್ಪುತ್ತಿರಲಿಲ್ಲ. ಅಂದು ಹೆದ್ದಾರಿಯಲ್ಲಿ ಏನಾಯಿತೆಂದು ಹೇಳಬಲ್ಲವರು ಯಾರೂ ಇಲ್ಲ. ಆದರೆ ‘ಅಜಾಗರೂಕ’ ಎಂಬ ಪದವನ್ನು ಅವನ ಸ್ವಭಾವಕ್ಕೆ ಅಂಟಿಸಲು ಈಗ ನನ್ನ ಮನಸ್ಸು ಒಪ್ಪುವುದಿಲ್ಲ. ಅದು ಎರಡು ಸೆಕೆಂಡುಗಳ ಹೆಸರು. ಯಾರಿಗೂ ಬರಬಹುದಾದ ಎರಡು ಸೆಕೆಂಡುಗಳು.