ಬಿಡುವಿನ ಬೆಳೆ

ಕೆಲಸಗಾರನ ಕೈ ಸುಮ್ಮನಿದ್ದರೆ ಯಜಮಾನನಿಗೆ ನಷ್ಟವೆಂಬುದು ಲೋಕದ ನಂಬಿಕೆ. ಗಣಕಯಂತ್ರದ ಚರಿತ್ರೆಯಲ್ಲಿ ಇದಕ್ಕೆ ವ್ಯತಿರಿಕ್ತವಾದ ನಿದರ್ಶನವೊಂದುಂಟು.

ಅಮೆರಿಕದ ನ್ಯೂಜೆರ್ಸಿ ಸಂಸ್ಥಾನದ ಮರ್ರೆ ಹಿಲ್‌ನಲ್ಲಿ ಬೆಲ್ ದೂರವಾಣಿ ಸಂಸ್ಥೆಯ ಪ್ರಯೋಗಶಾಲೆಯಿತ್ತು. ಒಂದೇ ಗಣಕವನ್ನು ಹಲವರು ಏಕಕಾಲದಲ್ಲಿ ಬಳಸುವಂತೆ ಮಾಡುವ ‘ಮಲ್ಟಿಕ್ಸ್’ ಎಂಬ ಬೃಹತ್ ಯೋಜನೆಯಲ್ಲಿ ಅದೂ ಪಾಲುಗೊಂಡಿತ್ತು. ಕೆಲಸ ಕೈಗೂಡದೆ ಬೆಳೆಯುತ್ತಲೇ ಹೋದುದರಿಂದ 1969ರಲ್ಲಿ ಹಿಂದೆಗೆಯಿತು. ಅದರಲ್ಲಿ ದುಡಿದಿದ್ದ ಕೆನ್ ಥಾಂಪ್ಸನ್, ಡೆನ್ನಿಸ್ ರಿಚಿ ಮೊದಲಾದವರು ತಮ್ಮ ಪ್ರಯೋಗಕ್ಕೆ ಬೇರೊಂದು ಯಂತ್ರವನ್ನು ಬೇಡಿದರು. ಮೇಲಧಿಕಾರಿಗಳು ಹಣ ಕೊಡಲಿಲ್ಲ. ಆದರೆ ಅಡ್ಡಿಯನ್ನೂ ಮಾಡಲಿಲ್ಲ.

ಥಾಂಪ್ಸನ್ನರು ಹೆಚ್ಚು ಬಳಕೆಯಿಲ್ಲದ ಪಿ.ಡಿ.ಪಿ.-7 ಯಂತ್ರವೊಂದನ್ನು ಹುಡುಕಿ, ಆ ವರ್ಷದ ಬೇಸಗೆಯಲ್ಲಿ ಸುಮಾರು ಮೂರೇ ವಾರಗಳಲ್ಲಿ ಹೊಸದೊಂದು ಕಾರ್ಯವ್ಯವಸ್ಥೆಗೆ ಮೊದಲ ರೂಪ ಕೊಟ್ಟರು. ಅದೇ ‘ಯೂನಿಕ್ಸ್’. 1971ರಲ್ಲಿ ಸಂಸ್ಥೆಯ ಪೇಟೆಂಟ್ ವಿಭಾಗದವರೇ ತಮ್ಮ ಅರ್ಜಿಗಳನ್ನು ಸಿದ್ಧಪಡಿಸಲು ಅದನ್ನು ಬಳಸತೊಡಗಿದರು. 1983ರಲ್ಲಿ ಥಾಂಪ್ಸನ್, ರಿಚಿ ಇಬ್ಬರಿಗೂ ಟ್ಯೂರಿಂಗ್ ಪ್ರಶಸ್ತಿ ದೊರೆಯಿತು. ಯೂನಿಕ್ಸಿನ ಮಾದರಿಯನ್ನು ಅನುಸರಿಸಿದ ಲಿನಕ್ಸ್ ಇಂದು ನಮ್ಮ ಆಂಡ್ರಾಯ್ಡ್ ದೂರವಾಣಿಗಳಿಗೆ ಬುನಾದಿಯಾಗಿದೆ.

ಇಷ್ಟೂ ಯಾರ ಅಪ್ಪಣೆಯಿಂದಲೂ ಆರಂಭವಾದುದಲ್ಲ. ದೂರವಾಣಿಯ ಏಕಸ್ವಾಮ್ಯದ ವರಮಾನ ಬೆನ್ನಿಗಿದ್ದುದರಿಂದ ಆ ಸಹನೆ ಸುಲಭವಾಯಿತೆಂಬುದೂ ನಿಜ. ಆದರೆ ಹಣವಿದ್ದವರೆಲ್ಲರಿಗೂ ಸಹನೆಯಿರುವುದಿಲ್ಲ. ತಂತ್ರಾಂಶ ರಚಿಸುವವರಿಂದ ಗಳಿಗೆ ಗಳಿಗೆಗೂ ಲೆಕ್ಕ ಕೇಳುವ ಕಚೇರಿಗೆ ಹೇಳಿದ ಕೆಲಸ ದೊರೆತೀತು. ಹೇಳಲು ಯಾರಿಗೂ ತೋಚದಿದ್ದ ಕೆಲಸ ದೊರೆಯಬೇಕಾದರೆ, ಬಲ್ಲವರನ್ನು ನಂಬಿ ಕೊಂಚ ಬಿಡುವು ಕೊಡಲೇಬೇಕು. ಬಿಡುವು ಬೇರೆ, ಸೋಮಾರಿತನ ಬೇರೆ.